ಕರಾಟೆ ತರಗತಿಯ ವಾರ್ಷಿಕ ಶುಲ್ಕವನ್ನು ನಡುವೆಯೇ ವಾಪಸ್ ಕೇಳುವವರಿಗೆ ಯಾವ ಲೆಕ್ಕದಲ್ಲಿ ಹಣ ಕೊಡಬೇಕು?

ಪ್ರಶ್ನೆ: ವಿದ್ಯಾನಗರದ ಕರಾಟೆ ಮಾಸ್ಟರ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಮಹಡಿ ಹಾಲನ್ನು ಬಾಡಿಗೆಗೆ ಪಡೆದು ಆರು ವರ್ಷಗಳಿಂದ ಕರಾಟೆ ಕಲಿಸುತ್ತಿದ್ದೇನೆ. ವಾರದಲ್ಲಿ ಮೂರು ಸಂಜೆ ಎರಡು ಬ್ಯಾಚ್‌ಗಳು ನಡೆಯುತ್ತವೆ; ಸುಮಾರು ತೊಂಬತ್ತು ಮಕ್ಕಳು ಬರುತ್ತಾರೆ. ಕಳೆದ ವರ್ಷದವರೆಗೆ ಎಲ್ಲರೂ ತಿಂಗಳಿಗೆ ₹800 ಶುಲ್ಕ ಕೊಡುತ್ತಿದ್ದರು. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂದು ಪ್ರತಿ ತಿಂಗಳೂ ಪೋಷಕರ ಬೆನ್ನು ಹತ್ತುವುದು ಬೇಸರವಾಗಿ, ಈ ಜೂನ್‌ನಿಂದ ವರ್ಷದ ಶುಲ್ಕವನ್ನು ಒಂದೇ ಸಲಕ್ಕೆ ಕಟ್ಟುವವರಿಗೆ ₹7,200 ಎಂದು ರಿಯಾಯಿತಿ ಕೊಟ್ಟೆ. ಮೂವತ್ತೊಂದು ಮಂದಿ ಕಟ್ಟಿದರು. ಆ ಹಣದಲ್ಲಿ ₹1,40,000 ಹಾಕಿ ಹಾಲಿನ ತುಂಬ ಹೊಸ ಮ್ಯಾಟ್ ಹಾಸಿಸಿದೆ. ಹಳೆಯ ಜಮಖಾನದ ಮೇಲೆ ಮಕ್ಕಳು ಜಾರಿ ಬೀಳುವುದನ್ನು ನೋಡಿ ನೋಡಿ ಸಾಕಾಗಿತ್ತು.

ಗಣೇಶ ವಿಸರ್ಜನೆ ಮುಗಿದ ವಾರದಿಂದ ಹಣ ವಾಪಸ್ ಕೇಳುವವರು ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದಾರೆ. ಮೊದಲನೆಯವರು ಬ್ಯಾಂಕ್ ನೌಕರರು. ಅವರಿಗೆ ಕಲಬುರಗಿಗೆ ವರ್ಗಾವಣೆಯಾಗಿ, ಆರನೇ ತರಗತಿಯ ಮಗಳು ಆಗಸ್ಟ್ ಕೊನೆಯವರೆಗೆ ಒಂದೂ ತರಗತಿ ತಪ್ಪಿಸದೆ ಬಂದವಳು ಈಗ ಬಿಡಬೇಕಾಗಿದೆ. ಎರಡನೆಯದು ಎಂಟು ವರ್ಷದ ಹುಡುಗನ ವಿಷಯ. ಮನೆಯ ಮುಂದೆ ಸೈಕಲ್‌ನಿಂದ ಬಿದ್ದು ಮಣಿಕಟ್ಟಿನ ಮೂಳೆ ಮುರಿದಿದೆ, ಪ್ಲಾಸ್ಟರ್ ಹಾಕಿದ್ದಾರೆ. ಕೈ ಸರಿಹೋದ ಮೇಲೆ ಬಂದು ಮುಂದುವರಿಸಲಿ ಎಂದು ನಾನು ಹೇಳಿದರೂ ಅವನ ತಾಯಿ ಹಣವನ್ನೇ ಕೇಳುತ್ತಿದ್ದಾರೆ.

ನನ್ನ ನಿದ್ದೆ ಕೆಡಿಸಿರುವವರು ಮೂರನೆಯವರು. ಅವರ ಮಗ ಜೂನ್ ತಿಂಗಳಲ್ಲಿ ಹನ್ನೊಂದು ದಿನ ಬಂದು ಆಮೇಲೆ ಮುಖ ತೋರಿಸಲಿಲ್ಲ. ನಾನು ಎರಡು ಸಲ ವಾಟ್ಸಾಪ್ ಸಂದೇಶ ಕಳಿಸಿದ್ದೆ, ಉತ್ತರ ಬಂದಿರಲಿಲ್ಲ. ಈಗ ತಂದೆ ಫೋನ್ ಮಾಡಿ, ಮಗ ಏನನ್ನೂ ಕಲಿತಿಲ್ಲ, ಆದ್ದರಿಂದ ₹7,200 ಮತ್ತು ಕರಾಟೆ ಡ್ರೆಸ್ಸಿನ ₹1,100 ಎರಡನ್ನೂ ಪೂರ್ತಿ ಕೊಡಬೇಕು, ಇಲ್ಲವಾದರೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆ, ಗೂಗಲ್‌ನಲ್ಲೂ ಬರೆಯುತ್ತೇನೆ ಎಂದಿದ್ದಾರೆ. ಇವುಗಳ ನಡುವೆ, ಹಸಿರು ಬೆಲ್ಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಒಬ್ಬ ಹುಡುಗಿಯ ಮನೆಯವರು ಪರೀಕ್ಷಾ ಶುಲ್ಕ ₹600 ಕೇಳಿದ್ದಾರೆ.

ನನ್ನ ರಸೀದಿಯ ಕೆಳಗೆ "ಒಮ್ಮೆ ಪಾವತಿಸಿದ ಶುಲ್ಕವನ್ನು ಯಾವುದೇ ಕಾರಣಕ್ಕೂ ಹಿಂತಿರುಗಿಸಲಾಗುವುದಿಲ್ಲ" ಎಂದು ಅಚ್ಚಾಗಿದೆ. ನಿಜ ಹೇಳಬೇಕೆಂದರೆ ಆ ಸಾಲು ನನ್ನದಲ್ಲ. ಮುದ್ರಣದವರು ಬೇರೆ ಯಾವುದೋ ರಸೀದಿಯ ಮಾದರಿ ತೋರಿಸಿದಾಗ ಹಾಗೆಯೇ ಇರಲಿ ಎಂದಿದ್ದೆ. ಈ ಸಾಲನ್ನು ಹಿಡಿದು ನಿಲ್ಲಬಹುದೇ? ನಿಲ್ಲಬಾರದೆಂದರೆ ಯಾರಿಗೆ ಎಷ್ಟು ಕೊಡಬೇಕು? ತರಗತಿ ನಡೆಸುವ ಅನುಭವ ಇರುವವರು ದಯವಿಟ್ಟು ತಿಳಿಸಿ.


ಉತ್ತರ 1: ಹಳೆಯ ಮಾಸ್ಟರ್, ಚಿತ್ರದುರ್ಗ

ಸರ್, ಇಪ್ಪತ್ತೆರಡು ವರ್ಷಗಳಿಂದ ಕಲಿಸುತ್ತಿರುವವನು ನಾನು. ಆ ಸಾಲನ್ನು ನನ್ನ ರಸೀದಿಯಲ್ಲೂ ಬಹಳ ಕಾಲ ಇಟ್ಟುಕೊಂಡಿದ್ದೆ, ಅದರಿಂದ ಒಮ್ಮೆ ಚೆನ್ನಾಗಿ ಪೆಟ್ಟು ತಿಂದೆ. ಆಗ ಮೂರು ತಿಂಗಳಿಗೆ ₹1,500 ತೆಗೆದುಕೊಳ್ಳುತ್ತಿದ್ದೆ. ಒಬ್ಬ ತಾಯಿ ಮಗನನ್ನು ಸೇರಿಸಿದ ಎರಡನೇ ವಾರವೇ ಬಂದು, ಮನೆಯಲ್ಲಿ ಯಜಮಾನರ ಕೆಲಸ ಹೋಗಿದೆ, ಆದಷ್ಟು ಕೊಡಿ ಎಂದು ಕೇಳಿದರು. ಡ್ರೆಸ್ಸನ್ನು ಒಗೆದು, ಇಸ್ತ್ರಿ ಮಾಡಿ, ಬೆಲ್ಟನ್ನು ಮೇಲೆ ಸುತ್ತಿಟ್ಟು, ಅಂಗಡಿಯಿಂದ ತಂದ ಕವರಿನಲ್ಲೇ ಹಾಕಿಕೊಂಡು ಬಂದಿದ್ದರು. ನಾನು ಬ್ಯಾಚಿನ ಎಲ್ಲ ಮಕ್ಕಳ ಎದುರಿಗೆ ರಸೀದಿಯ ಕೊನೆಯ ಸಾಲನ್ನು ಓದಿ ಹೇಳಿದೆ. ಆ ಹುಡುಗ ಗೋಡೆಯ ಕಡೆಗೆ ತಿರುಗಿ ನಿಂತಿದ್ದ. ಮುಂದಿನ ಎರಡು ತಿಂಗಳಲ್ಲಿ ಅದೇ ಬೀದಿಯ ಏಳು ಮಕ್ಕಳು ಬಿಟ್ಟರು, ಕಾರಣ ಕೇಳಿದರೆ ಎಲ್ಲರೂ ಟ್ಯೂಷನ್ ಎಂದರು. ಚಿತ್ರದುರ್ಗ ಎಷ್ಟು ದೊಡ್ಡ ಊರು ಹೇಳಿ; ಒಂದು ಬೀದಿಯ ಮಾತು ಇನ್ನೊಂದು ಬೀದಿಗೆ ತಲುಪಲು ಸಂಜೆಯಾಗಬೇಕಿಲ್ಲ.

ಆದ್ದರಿಂದ ಮೊದಲ ಮಾತು, ಹಣದ ವಿಷಯವನ್ನು ಮ್ಯಾಟಿನ ಮೇಲೆ, ಡ್ರೆಸ್ ಹಾಕಿಕೊಂಡು, ಮಕ್ಕಳ ಕಿವಿಗೆ ಬೀಳುವಂತೆ ಆಡಬೇಡಿ. ತರಗತಿ ಇಲ್ಲದ ವೇಳೆಗೆ ಕರೆಯಿರಿ, ಕೂರಿಸಿ, ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಮಾತನಾಡಿ. ಇನ್ನೊಂದು, ಕೇಳಿದ ಕ್ಷಣದಲ್ಲಿ ಆಗುತ್ತದೆ ಎಂದಾಗಲಿ ಆಗುವುದಿಲ್ಲ ಎಂದಾಗಲಿ ಹೇಳಬೇಡಿ. "ಲೆಕ್ಕ ಮಾಡಿ ಶನಿವಾರದೊಳಗೆ ತಿಳಿಸುತ್ತೇನೆ" ಎಂದು ಹೇಳಿ, ಶನಿವಾರಕ್ಕೆ ಮೊದಲೇ ತಿಳಿಸಿ. ನನಗೆ ಬಂದ ಜಗಳಗಳಲ್ಲಿ ಅರ್ಧಕ್ಕಿಂತ ಹೆಚ್ಚು, ನಾನು ಫೋನ್ ಎತ್ತದೆ ತಪ್ಪಿಸಿಕೊಂಡ ದಿನಗಳಲ್ಲಿ ಬೆಳೆದವು.

ಇನ್ನು ಲೆಕ್ಕ. ನಮ್ಮ ಕೈಗೆ ಬರುವ ಹಣ ಒಂದೇ ಬಗೆಯದಲ್ಲ. ತರಗತಿಯ ಶುಲ್ಕ ಒಂದು, ಡ್ರೆಸ್ ಮತ್ತು ಗ್ಲೌಸ್‌ನಂಥ ವಸ್ತುಗಳ ಹಣ ಇನ್ನೊಂದು, ಬೆಲ್ಟ್ ಪರೀಕ್ಷೆಯ ಹಣ ಮತ್ತೊಂದು. ನಡೆಯದ ತರಗತಿಯ ಶುಲ್ಕವನ್ನು ನಾನು ಹಿಂತಿರುಗಿಸುತ್ತೇನೆ. ಡ್ರೆಸ್ಸನ್ನು ಒಮ್ಮೆ ಉಟ್ಟರೆ ವಾಪಸ್ ಪಡೆಯುವುದಿಲ್ಲ. ಕವರ್ ಬಿಚ್ಚದೆ ತಂದರೆ ಪೂರ್ತಿ ಹಣ ಕೊಡುತ್ತೇನೆ. ಉಟ್ಟ ಡ್ರೆಸ್ಸು ಚೆನ್ನಾಗಿದ್ದರೆ, ಹೊಸದಾಗಿ ಸೇರುವ ಚಿಕ್ಕ ಮಕ್ಕಳ ಮನೆಯವರಿಗೆ ಅರ್ಧ ಬೆಲೆಗೆ ಕೊಡಿಸುತ್ತೇನೆ. ಎಂಟು ವರ್ಷದ ಮಗುವಿಗೆ ಒಂದು ವರ್ಷದಲ್ಲಿ ಪ್ಯಾಂಟು ಮೊಣಕಾಲಿಗೆ ಏರುತ್ತದೆ, ಆದ್ದರಿಂದ ಕೊಳ್ಳುವವರಿಗೇನೂ ಕೊರತೆಯಿಲ್ಲ.

ಪರೀಕ್ಷೆಯ ಹಣದ ವಿಷಯದಲ್ಲಿ ನಮ್ಮವರು ಸ್ವಲ್ಪ ಕಳ್ಳತನ ಮಾಡುತ್ತಾರೆ ಎಂದು ಹೇಳಿದರೆ ಬೇಸರಪಡಬೇಡಿ. ₹600ರಲ್ಲಿ ಪರೀಕ್ಷಕರ ಗೌರವಧನವೂ ಸಂಘಕ್ಕೆ ಹೋಗುವ ಪಾಲೂ ಇರುತ್ತವೆ, ಅವು ಖರ್ಚಾಗಿ ಹೋಗಿವೆ. ಆದರೆ ಅದರಲ್ಲೇ ಪ್ರಮಾಣಪತ್ರದ ಮತ್ತು ಹೊಸ ಬೆಲ್ಟಿನ ಹಣವೂ ಸೇರಿದೆ. ತೇರ್ಗಡೆಯಾಗದ ಮಗುವಿಗೆ ಎರಡನ್ನೂ ಕೊಟ್ಟಿಲ್ಲವಲ್ಲ? ಆ ಪಾಲನ್ನು ವಾಪಸ್ ಕೊಡಿ, ಇಲ್ಲವೇ ಮುಂದಿನ ಪರೀಕ್ಷೆಗೆ ಜಮಾ ಮಾಡಿಕೊಂಡಿದ್ದೇನೆ ಎಂದು ಬರೆದುಕೊಡಿ. ಬಹುಪಾಲು ಮನೆಯವರು ಎರಡನೆಯದನ್ನೇ ಒಪ್ಪುತ್ತಾರೆ, ಮಗುವೂ ಅಲ್ಲಿಗೆ ಬಿಡದೆ ಮತ್ತೊಮ್ಮೆ ಕಟಾ, ಅಂದರೆ ಹೆಜ್ಜೆ-ಹೊಡೆತಗಳ ನಿಗದಿತ ಸರಣಿಯ, ಅಭ್ಯಾಸಕ್ಕೆ ನಿಲ್ಲುತ್ತದೆ.

ಕೈ ಮುರಿದ ಹುಡುಗನ ತಾಯಿಗೆ, ಕೈ ಸರಿಹೋಗುವವರೆಗೆ ಉಳಿದ ತರಗತಿಗಳನ್ನು ತಡೆಹಿಡಿಯುವ ಆಯ್ಕೆಯನ್ನು ಹೇಳಿ, ಒತ್ತಾಯ ಮಾಡಬೇಡಿ. ಅವನು ಮರಳಿ ಬಂದರೆ ವೈದ್ಯರ ಚೀಟಿ ಇಲ್ಲದೆ ಕುಮಿಟೆಗೆ, ಅಂದರೆ ಎದುರಾಳಿಯೊಂದಿಗಿನ ಕಾದಾಟಕ್ಕೆ, ಇಳಿಸಬೇಡಿ. ನಿಮ್ಮ ಅದೃಷ್ಟಕ್ಕೆ ಗಾಯ ಆಗಿರುವುದು ತರಗತಿಯ ಹೊರಗೆ. ಎಂದಾದರೂ ತರಗತಿಯ ಒಳಗೇ ಆದರೆ, ಶುಲ್ಕದ ಲೆಕ್ಕವನ್ನು ಗಾಯದ ಮಾತಿನೊಂದಿಗೆ ಬೆರೆಸಬೇಡಿ. ಶುಲ್ಕವನ್ನು ಕೂಡಲೇ ಕೊಟ್ಟು ಮುಗಿಸಿ, ಗಾಯದ ವಿಷಯಕ್ಕೆ ಮನೆಗೇ ಹೋಗಿ ಮಾತನಾಡಿ.


ಉತ್ತರ 2: ಲೆಕ್ಕಪತ್ರ ಬರೆಯುವವನು, ಪಿ.ಜೆ. ಬಡಾವಣೆ, ದಾವಣಗೆರೆ

ಮಾಸ್ಟರ್, ಟ್ಯೂಷನ್, ಸಂಗೀತ, ಜಿಮ್ ನಡೆಸುವ ಕೆಲವರ ಲೆಕ್ಕ ಬರೆಯುವುದು ನನ್ನ ವೃತ್ತಿ. ವಕೀಲನಲ್ಲ, ಆದರೆ ಈ ವ್ಯಾಜ್ಯಗಳ ಕಾಗದಗಳು ನನ್ನ ಮೇಜಿಗೆ ಬರುತ್ತಿರುತ್ತವೆ.

ಹಣ ವಾಪಸ್ ಕೇಳುವವರಿಗಿಂತ ಮೊದಲು ನಿಮ್ಮ ಮ್ಯಾಟಿನ ಬಗ್ಗೆ ಮಾತನಾಡಬೇಕಾಗಿದೆ. ಮೂವತ್ತೊಂದು ಮಂದಿಯಿಂದ ನಿಮಗೆ ಬಂದದ್ದು ₹2,23,200. ಆಗಸ್ಟ್ ಕೊನೆಗೆ ಹನ್ನೆರಡರಲ್ಲಿ ಮೂರು ತಿಂಗಳು ಕಳೆದಿವೆ, ಅಂದರೆ ನೀವು ದುಡಿದು ಗಳಿಸಿದ್ದು ₹55,800. ಉಳಿದ ₹1,67,400 ನಿಮ್ಮ ಕೈಯಲ್ಲಿದ್ದರೂ ಇನ್ನೂ ಪೋಷಕರ ಹಣವೇ. ನನ್ನ ಪುಸ್ತಕದಲ್ಲಿ ಅದನ್ನು ಆದಾಯದ ಕಡೆ ಬರೆಯುವುದಿಲ್ಲ, ಸಾಲದ ಕಡೆ ಬರೆಯುತ್ತೇನೆ. ಮ್ಯಾಟಿಗೆ ₹1,40,000 ಹೋದ ಮೇಲೆ ಆ ಮುಂಗಡದಲ್ಲಿ ಉಳಿದದ್ದು ₹83,200 ಮಾತ್ರ, ಅದರಲ್ಲೂ ಮೂರು ತಿಂಗಳ ಬಾಡಿಗೆ ಹೋಗಿರಬೇಕು. ನಿಮ್ಮ ನಿದ್ದೆ ಕೆಟ್ಟಿರುವುದು ಮೂರನೆಯ ತಂದೆಯಿಂದ ಎಂದು ಬರೆದಿದ್ದೀರಿ. ಈ ಲೆಕ್ಕವೇ ಸರಿಯಿದ್ದಿದ್ದರೆ ಅವರ ಫೋನು ನಿಮಗೆ ಇಷ್ಟು ಭಾರವಾಗುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ. ಇನ್ನು ಮುಂದೆ ಮುಂಗಡ ಶುಲ್ಕವನ್ನು ಬೇರೆ ಖಾತೆಗೆ ಹಾಕಿ, ತಿಂಗಳು ಮುಗಿದ ಮೇಲೆ ಹನ್ನೆರಡನೇ ಒಂದು ಪಾಲನ್ನು ಮಾತ್ರ ಚಾಲ್ತಿ ಖಾತೆಗೆ ತನ್ನಿ.

ಈಗ ಕಾನೂನಿನ ವಿಷಯ. 2020ರ ಜನವರಿಯಲ್ಲಿ ರಾಷ್ಟ್ರೀಯ ಗ್ರಾಹಕರ ಆಯೋಗವು ಶಾಲೆ, ಕಾಲೇಜುಗಳನ್ನು ಗ್ರಾಹಕ ಕಾಯ್ದೆಯ ಹೊರಗೆ ಇಟ್ಟರೂ ಕೋಚಿಂಗ್ ಸಂಸ್ಥೆಗಳನ್ನು ಅದರ ಒಳಗೇ ಉಳಿಸಿತು. ಶುಲ್ಕ ಪಡೆದು ಖಾಸಗಿಯಾಗಿ ಕಲಿಸುವ ನೀವು, "ನಾನು ಶಿಕ್ಷಣ ಕೊಡುವವನು, ಗ್ರಾಹಕ ಕಾಯ್ದೆ ನನಗೆ ಅನ್ವಯಿಸುವುದಿಲ್ಲ" ಎಂದು ವಾದಿಸಲು ಹೋಗಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ಸೇವೆಯಲ್ಲಿ ಕೊರತೆಯಿದ್ದೂ, ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ ಹಣ ವಾಪಸ್ ಕೊಡದಿರುವುದನ್ನು ಅದು ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ರಸೀದಿಯನ್ನೇ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಇಲ್ಲಿ "ಕೊರತೆಯಿದ್ದೂ" ಎಂಬ ಮಾತನ್ನು ಗಮನಿಸಿ. ನೀವು ತರಗತಿಯನ್ನೇ ನಡೆಸದಿದ್ದರೆ, ಹೇಳಿದ ಮಾಸ್ಟರ್ ಬದಲು ಹಿರಿಯ ಹುಡುಗನೊಬ್ಬನನ್ನು ನಿಲ್ಲಿಸಿದ್ದರೆ, ಅದು ಕೊರತೆ. ನೀವು ಕಲಿಸಲು ಸಿದ್ಧರಿದ್ದು ಹುಡುಗ ಬರದಿದ್ದರೆ ಅದನ್ನು ನಿಮ್ಮ ಕೊರತೆ ಎಂದು ಸಾಧಿಸುವುದು ಸುಲಭವಲ್ಲ. ಆದ್ದರಿಂದ ಹಾಜರಿ ಪುಸ್ತಕ ಮತ್ತು ನೀವು ಕಳಿಸಿದ ಆ ಎರಡು ವಾಟ್ಸಾಪ್ ಸಂದೇಶಗಳು ನಿಮ್ಮ ರಸೀದಿಯ ಸಾಲಿಗಿಂತ ಹೆಚ್ಚು ಬೆಲೆಬಾಳುತ್ತವೆ, ಅಳಿಸಬೇಡಿ.

ಹಾಗೆಂದು ಆ ಸಾಲನ್ನು ಹಿಡಿದು ನಿಲ್ಲಲೂ ಬೇಡಿ. "ಯಾವುದೇ ಕಾರಣಕ್ಕೂ" ಎಂಬ ಎರಡು ಪದಗಳು ನಾಳೆ ನೀವೇ ತರಗತಿ ಮುಚ್ಚಿದರೂ ಹಣ ಕೊಡುವುದಿಲ್ಲ ಎಂಬ ಅರ್ಥ ಕೊಡುತ್ತವೆ. ಅಂಥ ಒಂದು ಕಡೆಯ ಷರತ್ತನ್ನು ಓದಿದವರಿಗೆ ಮೊದಲ ನೋಟದಲ್ಲೇ ನಿಮ್ಮ ಮೇಲೆ ಅನುಮಾನ ಬರುತ್ತದೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ₹5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ದೂರುದಾರ ತಾನು ವಾಸಿಸುವ ಊರಿನಲ್ಲೇ ದೂರು ಕೊಡಬಹುದು, ಎರಡು ವರ್ಷದವರೆಗೆ ಕಾಲಾವಕಾಶವೂ ಇದೆ. ಕಲಬುರಗಿಗೆ ಹೋದವರು ಅಲ್ಲಿಯೇ ದೂರು ಕೊಟ್ಟರೆ ನೀವು ಉತ್ತರ ಹಿಡಿದುಕೊಂಡು ಅಲ್ಲಿಗೇ ಓಡಾಡಬೇಕಾಗಬಹುದು. ನೋಟಿಸ್ ಬಂದರೆ 30 ದಿನದೊಳಗೆ ಉತ್ತರ ಸಲ್ಲಿಸಬೇಕು, ಆಯೋಗ ಒಪ್ಪಿದರೆ ಇನ್ನೂ 15 ದಿನ ಸಿಗುತ್ತದೆ, ಅದರಾಚೆಗೆ ಇಲ್ಲ. ಬಹಳ ಜನ ಅಲ್ಲಿಗೆ ಹೋಗುವ ಮೊದಲು 1915 ಸಹಾಯವಾಣಿಗೆ ಕರೆ ಮಾಡುತ್ತಾರೆ. ಅಲ್ಲಿಂದ ನಿಮ್ಮನ್ನು ಸಂಪರ್ಕಿಸಿದರೆ ಗಾಬರಿಯಾಗದೆ ಲೆಕ್ಕದ ಹಾಳೆಯನ್ನು ಕಳಿಸಿ.

ಎಷ್ಟು ಕೊಡಬೇಕು ಎಂಬುದಕ್ಕೆ ಒಂದು ಅಳತೆಗೋಲು ಸಿಗುತ್ತದೆ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಹೊರಡಿಸಿದ ಕೋಚಿಂಗ್ ಕೇಂದ್ರಗಳ ಮಾರ್ಗಸೂಚಿಯಲ್ಲಿ, ಪೂರ್ತಿ ಶುಲ್ಕ ಕಟ್ಟಿ ನಡುವೆ ಬಿಡುವವರಿಗೆ ಉಳಿದ ಅವಧಿಯ ಹಣವನ್ನು ಅನುಪಾತಕ್ಕೆ ತಕ್ಕಂತೆ 10 ದಿನದೊಳಗೆ ಕೊಡಬೇಕು ಎಂದಿದೆ. ಆ ಮಾರ್ಗಸೂಚಿ ಕ್ರೀಡೆ, ನೃತ್ಯ, ನಾಟಕಗಳನ್ನು ಹೊರಗಿಟ್ಟಿರುವುದರಿಂದ ಅದು ನಿಮ್ಮನ್ನು ಕಟ್ಟಿಹಾಕುವುದಿಲ್ಲ. ಆದರೂ ಸರ್ಕಾರ ಯಾವುದನ್ನು ನ್ಯಾಯ ಎಂದುಕೊಂಡಿದೆ ಎಂಬುದು ಅದರಿಂದ ತಿಳಿಯುತ್ತದೆ, ಮಾತುಕತೆಗೆ ಕೂತಾಗ ಇಬ್ಬರಿಗೂ ಅನುಕೂಲವಾಗುತ್ತದೆ.

ತಿಂಗಳ ಲೆಕ್ಕಕ್ಕಿಂತ ತರಗತಿಯ ಲೆಕ್ಕ ಹಿಡಿಯಿರಿ. ತಿಂಗಳಿಗೆ ಹನ್ನೆರಡರಂತೆ ವರ್ಷಕ್ಕೆ 144 ತರಗತಿ, ₹7,200ಕ್ಕೆ ಒಂದು ತರಗತಿಗೆ ಸರಿಯಾಗಿ ₹50 ಬೀಳುತ್ತದೆ. ಬ್ಯಾಂಕ್ ನೌಕರರ ಮಗಳಿಗೆ ಆಗಸ್ಟ್ ಕೊನೆಯವರೆಗೆ 36 ತರಗತಿ ಆಗಿದ್ದರೆ ₹1,800 ಕಳೆದು ₹5,400 ಕೊಡಬೇಕು. ಇಲ್ಲಿ ನಿಮಗೊಂದು ಆಸೆ ಬರಬಹುದು: ರಿಯಾಯಿತಿ ಕೊಟ್ಟದ್ದು ವರ್ಷಪೂರ್ತಿ ಇರುತ್ತಾರೆಂದು, ಬಿಟ್ಟವರಿಗೆ ಮಾಸಿಕ ದರ ₹800ರಂತೆ ₹2,400 ಹಿಡಿದು ₹4,800 ಮಾತ್ರ ಕೊಡೋಣ ಎಂದು. ಅದು ಅನ್ಯಾಯವೇನಲ್ಲ, ಆದರೆ ಹಣ ಪಡೆಯುವಾಗ ಹೇಳಿರಬೇಕಿತ್ತು. ಹೇಳಿಲ್ಲವಾದ್ದರಿಂದ ಈ ವರ್ಷ ₹600 ನಿಮ್ಮ ಕೈಬಿಟ್ಟಿತು ಎಂದುಕೊಳ್ಳಿ, ಮುಂದಿನ ವರ್ಷದ ಫಾರಂನಲ್ಲಿ ಬರೆಯಿಸಿ.

ಮೂರನೆಯ ತಂದೆಗೂ ಇದೇ ಲೆಕ್ಕ. ಮಗ ಹನ್ನೊಂದು ದಿನ ಬಂದದ್ದು ಮುಖ್ಯವಲ್ಲ, ಅವರು ಬಿಡುತ್ತೇನೆ ಎಂದು ತಿಳಿಸಿದ ದಿನದವರೆಗೆ ನೀವು ಎಷ್ಟು ತರಗತಿ ನಡೆಸಿದ್ದೀರಿ ಎಂಬುದು ಮುಖ್ಯ. ಅಷ್ಟು ದಿನ ಅವನ ಜಾಗ ಹಾಗೇ ಇತ್ತು. ಅದು 41 ಆಗಿದ್ದರೆ ₹2,050 ಕಳೆದು ₹5,150. ಉಟ್ಟ ಡ್ರೆಸ್ಸಿಗೆ ಏನೂ ಇಲ್ಲ.

ಹಣವನ್ನು ಯಾವ ಖಾತೆಯಿಂದ ಬಂತೋ ಅದೇ ಖಾತೆಗೆ ಕಳಿಸಿ. ನಮ್ಮ ಕಡೆ ಶುಲ್ಕವನ್ನು ಅಜ್ಜನೋ ಸೋದರಮಾವನೋ ಕಟ್ಟಿರುತ್ತಾರೆ, ವಾಪಸ್ ಕೇಳಲು ಬೇರೆಯವರು ಬರುತ್ತಾರೆ. ಕಟ್ಟಿದವರ ಒಪ್ಪಿಗೆಯ ಸಂದೇಶವಿಲ್ಲದೆ ಇನ್ನೊಬ್ಬರಿಗೆ ಕೊಡಬೇಡಿ. "ತಪ್ಪಿ ಎರಡು ಸಲ ಕಳಿಸಿದ್ದೇನೆ" ಎಂದು ಸ್ಕ್ರೀನ್‌ಶಾಟ್ ತೋರಿಸುವವರು ಬಂದರೆ ಬ್ಯಾಂಕ್ ಖಾತೆಯಲ್ಲಿ ಜಮಾ ಆಗಿರುವುದನ್ನು ನೋಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ವಾಪಸ್ ಕೊಟ್ಟದ್ದಕ್ಕೆ ಮೂಲ ರಸೀದಿಯ ಸಂಖ್ಯೆ ಬರೆದ ವೋಚರ್ ಮಾಡಿ, ಸಹಿ ಹಾಕಿಸಿ. ವರ್ಷಕ್ಕೆ ₹20 ಲಕ್ಷ ದಾಟದ ನಿಮಗೆ ಜಿಎಸ್‌ಟಿ ನೋಂದಣಿಯ ಗೊಡವೆಯಿಲ್ಲ. ಆದರೂ 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಮೂಲಕ ಬಂದ ಮೊತ್ತವನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ನೆನಪಿರಲಿ. ಬಂದ ಹಣದಲ್ಲಿ ಎಷ್ಟನ್ನು ಹಿಂತಿರುಗಿಸಿದ್ದೀರಿ ಎಂದು ತೋರಿಸಲು ಆ ವೋಚರ್ ಬೇಕಾಗುತ್ತದೆ.


ಉತ್ತರ 3: ಟೇಕ್ವಾಂಡೊ ಕೋಚ್, ಹರಿಹರ

ಮೇಲಿನ ಇಬ್ಬರೂ ಹಿರಿಯರು, ಆದರೂ ನನ್ನ ಅಭಿಪ್ರಾಯ ಬೇರೆ. ಹುಡುಗ ಬಿಟ್ಟ ಮಾತ್ರಕ್ಕೆ ಹಾಲಿನ ಮಾಲೀಕರು ಬಾಡಿಗೆ ಕಡಿಮೆ ಮಾಡುವುದಿಲ್ಲ, ಸಹಾಯಕ ಕೋಚ್‌ನ ಸಂಬಳವೂ ನಿಲ್ಲುವುದಿಲ್ಲ. ನಾನು ನಗದು ವಾಪಸ್ ಕೊಡುವುದಿಲ್ಲ. ಉಳಿದ ತರಗತಿಗಳನ್ನು ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಬಳಸಿಕೊಳ್ಳಬಹುದು, ತಮ್ಮನಿಗೋ ತಂಗಿಗೋ ವರ್ಗಾಯಿಸಬಹುದು. ಸೇರಿಸುವ ದಿನವೇ ಇದನ್ನು ಬಾಯಲ್ಲಿ ಹೇಳಿ, ಫಾರಂನಲ್ಲಿ ಬರೆಯಿಸಿ ಪೋಷಕರ ಸಹಿ ಪಡೆಯುತ್ತೇನೆ. ಮಕ್ಕಳ ಸಹಿಗೆ ಕಾನೂನಿನಲ್ಲಿ ಬೆಲೆಯಿಲ್ಲ, ತಂದೆ ತಾಯಿಯರದ್ದೇ ಬೇಕು.

ಒಂದು ಪ್ರಸಂಗ ಹೇಳುತ್ತೇನೆ. ಸರ್ಕಾರಿ ಶಾಲೆಗಳಲ್ಲಿ ರಾಣಿ ಲಕ್ಷ್ಮಿಬಾಯಿ ಹೆಸರಿನ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಮೂರು ತಿಂಗಳು ಆತ್ಮರಕ್ಷಣೆಯ ತರಬೇತಿ ಉಚಿತವಾಗಿ ಕೊಡುತ್ತಾರೆ. ಅದು ಶುರುವಾದ ವಾರ ಮೂವರು ಪೋಷಕರು ನನ್ನ ಬಳಿ ಬಂದು, ಶಾಲೆಯಲ್ಲೇ ಕಲಿಸುವಾಗ ನಿಮಗೇಕೆ ದುಡ್ಡು, ವಾಪಸ್ ಕೊಡಿ ಎಂದರು. ನಾನು ತಡೆಹಿಡಿಯುತ್ತೇನೆ, ಮೂರು ತಿಂಗಳು ಮುಗಿದ ಮೇಲೆ ಬನ್ನಿ ಎಂದೆ. ಮೂವರಲ್ಲಿ ಇಬ್ಬರು ಹುಡುಗಿಯರು ಮರಳಿ ಬಂದರು. ಹಣ ಕೊಟ್ಟು ಕಳಿಸಿದ್ದರೆ ಒಬ್ಬಳೂ ಬರುತ್ತಿರಲಿಲ್ಲ.

ಬ್ಲಾಕ್ ಬೆಲ್ಟ್ ವಿಷಯವಂತೂ ಬೇರೆಯೇ. ಡಾನ್ ಎಂಬ ಬ್ಲಾಕ್ ಬೆಲ್ಟ್ ದರ್ಜೆಯ ಪ್ರಮಾಣಪತ್ರ ಬರುವುದು ಟೇಕ್ವಾಂಡೊದ ಕೇಂದ್ರ ಸಂಸ್ಥೆಯಾದ ಸಿಯೋಲ್‌ನ ಕುಕ್ಕಿವಾನ್‌ನಿಂದ. ಅರ್ಜಿ ಹೋದ ಮೇಲೆ ಆ ಹಣವನ್ನು ಯಾವ ಕೋಚ್ ತಾನೇ ವಾಪಸ್ ತರಿಸಲು ಸಾಧ್ಯ? ಅದನ್ನು ಅರ್ಜಿ ಕಳಿಸುವ ಮುನ್ನವೇ ಎರಡು ಸಲ ಹೇಳುತ್ತೇನೆ.


ಉತ್ತರ 4: ಇಬ್ಬರು ಮಕ್ಕಳ ತಾಯಿ, ನಿಟುವಳ್ಳಿ, ದಾವಣಗೆರೆ

ನಾನು ಕಲಿಸುವವಳಲ್ಲ, ಹಣ ಕಟ್ಟುವವಳು. ಹರಿಹರದ ಕೋಚ್ ಅವರು ಸಹಿ ಪಡೆಯುತ್ತೇನೆ ಎಂದಿದ್ದಾರೆ. ಆ ಸಹಿ ಯಾವಾಗ ಆಗುತ್ತದೆ ಎಂದು ನಾನು ಹೇಳುತ್ತೇನೆ. ನನ್ನ ಮಗಳಿಗೆ ಒಂದು ಕಡೆ ಉಚಿತ ತರಗತಿ ಕೊಟ್ಟರು. ಅದು ಮುಗಿಯುತ್ತಿದ್ದಂತೆ ಅವಳ ಸೊಂಟಕ್ಕೆ ಬಿಳಿ ಬೆಲ್ಟು ಕಟ್ಟಿ, ಚಪ್ಪಾಳೆ ಹೊಡೆಸಿ, ಆಮೇಲೆ ನನ್ನ ಕೈಗೆ ವರ್ಷದ ಶುಲ್ಕದ ಫಾರಂ ಕೊಟ್ಟರು. ಬೆಲ್ಟ್ ಕಟ್ಟಿಕೊಂಡು ನಗುತ್ತಾ ನಿಂತ ಮಗುವಿನ ಮುಂದೆ ಯಾವ ತಾಯಿ ತಾನೇ ಫಾರಂನ ಸಣ್ಣ ಅಕ್ಷರ ಓದುತ್ತಾ ಕೂರುತ್ತಾಳೆ? ನಾಲ್ಕನೇ ವಾರಕ್ಕೆ ಅವಳು ಹೋಗುವುದಿಲ್ಲವೆಂದು ಅಳಲು ಶುರುಮಾಡಿದಳು. ಕೇಳಲು ಹೋದರೆ ನನ್ನದೇ ಸಹಿಯನ್ನು ನನಗೆ ತೋರಿಸಿದರು. ಮೂರು ನಾಲ್ಕು ತರಗತಿ ನೋಡಿ, ಮನೆಯಲ್ಲಿ ಯೋಚಿಸಿ, ಆಮೇಲೆ ಕಟ್ಟಿ ಎಂದು ಹೇಳುವ ಮಾಸ್ಟರ್ ಸಿಕ್ಕಿದ್ದರೆ ನಾನು ವಾಪಸ್ ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ. ತಮ್ಮನಿಗೆ ವರ್ಗಾಯಿಸಿ ಎಂದರೆ, ನನ್ನ ಮಗನಿಗೆ ಇನ್ನೂ ಎರಡು ವರ್ಷ.


ಉತ್ತರ 5: ಲೆಕ್ಕಪತ್ರ ಬರೆಯುವವನು, ಪಿ.ಜೆ. ಬಡಾವಣೆ

ಕೋಚ್ ಸರ್, ಬಾಡಿಗೆ ನಿಲ್ಲುವುದಿಲ್ಲ ಎಂಬುದು ನಿಜ. ಆದರೆ ಹುಡುಗ ಬಿಟ್ಟ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ, ಅವನಿಂದಲೂ ಶುಲ್ಕ ಪಡೆಯುತ್ತೀರಿ. ಬೇಕಿದ್ದರೆ ಒಂದು ತಿಂಗಳ ಮುನ್ಸೂಚನೆ ಕೊಡಬೇಕು, ಕೊಡದಿದ್ದರೆ ಒಂದು ತಿಂಗಳ ಶುಲ್ಕ ಹಿಡಿಯುತ್ತೇವೆ ಎಂದು ಬರೆಯಿಸಿ. ನಿಮ್ಮ ಖರ್ಚು ಅದರಲ್ಲಿ ಬಹುತೇಕ ತೀರುತ್ತದೆ, ಕೇಳಿದವರಿಗೂ ಅದು ದಂಡವೆಂದು ಕಾಣುವುದಿಲ್ಲ. ತಡೆಹಿಡಿಯುವ ವ್ಯವಸ್ಥೆ ಒಳ್ಳೆಯದೇ, ಅದನ್ನು ಮೊದಲು ಮುಂದಿಡಿ. ಊರು ಬಿಟ್ಟು ಹೋದವರಿಗೆ ಮಾತ್ರ ಅದು ಪ್ರಯೋಜನಕ್ಕೆ ಬಾರದು. ಕಲಬುರಗಿಯ ಹುಡುಗಿ ಸೋಮವಾರ ಸಂಜೆ ಐದೂವರೆಗೆ ವಿದ್ಯಾನಗರಕ್ಕೆ ಹೇಗೆ ಬಂದಾಳು?


ಪ್ರಶ್ನೆ ಕೇಳಿದವರಿಂದ: ವಿದ್ಯಾನಗರದ ಕರಾಟೆ ಮಾಸ್ಟರ್, ದಾವಣಗೆರೆ

ಎಲ್ಲರಿಗೂ ಧನ್ಯವಾದಗಳು. ₹1,67,400 ಎಂಬ ಅಂಕಿಯನ್ನು ನೋಡಿದ ರಾತ್ರಿ ಮತ್ತೆ ಎರಡು ಸಲ ಕೂಡಿ ಕಳೆದು ನೋಡಿದೆ, ಸರಿಯಾಗಿಯೇ ಇದೆ. ಉಳಿದ ಅರವತ್ತು ಮಕ್ಕಳ ಮಾಸಿಕ ಶುಲ್ಕದಲ್ಲಿ ಪ್ರತಿ ತಿಂಗಳೂ ಒಂದು ಪಾಲನ್ನು ತೆಗೆದಿಟ್ಟು ಮಾರ್ಚ್ ಒಳಗೆ ಮ್ಯಾಟಿನ ಹಳ್ಳ ತುಂಬಬೇಕೆಂದು ಬೇರೆ ಖಾತೆ ತೆರೆದಿದ್ದೇನೆ. ವಾರ್ಷಿಕ ಶುಲ್ಕವನ್ನು ನಿಲ್ಲಿಸಿ, ಮುಂದೆ ಮೂರು ತಿಂಗಳಿಗೆ ₹2,100ರಂತೆ ಮಾತ್ರ ಪಡೆಯುತ್ತೇನೆ. ಹೊಸದಾಗಿ ಬರುವವರು ಮೊದಲ ನಾಲ್ಕು ತರಗತಿ ಮುಗಿಸುವವರೆಗೆ ಫಾರಂ ಕೊಡುವುದಿಲ್ಲ. ನಿಟುವಳ್ಳಿಯ ಅಮ್ಮನವರ ಮಾತು ಓದಿ ಸ್ವಲ್ಪ ನಾಚಿಕೆಯೂ ಆಯಿತು, ಏಕೆಂದರೆ ಬೆಲ್ಟು ಕಟ್ಟಿ ಚಪ್ಪಾಳೆ ಹೊಡೆಸುವುದನ್ನು ನಾನೂ ಮಾಡಿದ್ದೇನೆ.

ಬ್ಯಾಂಕ್ ನೌಕರರಿಗೆ ₹5,400 ಕಳಿಸಿದೆ. ಅವರು ಕಲಬುರಗಿಯಲ್ಲಿ ಸೇರಿಸಲು ಅನುಕೂಲವಾಗಲಿ ಎಂದು ಮಗಳ ಹಳದಿ ಬೆಲ್ಟಿನ ಪ್ರಮಾಣಪತ್ರಕ್ಕೆ ನನ್ನ ಪತ್ರವೊಂದನ್ನು ಜೋಡಿಸಿಕೊಡಿ ಎಂದರು, ಕೊಟ್ಟೆ. ಕೈ ಮುರಿದ ಹುಡುಗನ ತಾಯಿಗೆ ಎರಡೂ ದಾರಿ ಹೇಳಿದೆ. ಎರಡು ದಿನ ಬಿಟ್ಟು ಬಂದು ತಡೆಹಿಡಿಯಿರಿ ಎಂದರು, ಹಣ ಸಿಗುವುದಿಲ್ಲವೇನೋ ಎಂಬ ಭಯಕ್ಕೆ ಮೊದಲು ಹಾಗೆ ಕೇಳಿದ್ದಂತೆ. ಬೆಲ್ಟ್ ಪರೀಕ್ಷೆಯ ₹600ರಲ್ಲಿ ಪ್ರಮಾಣಪತ್ರ ಮತ್ತು ಬೆಲ್ಟಿನ ಪಾಲು ₹350 ಆಗುತ್ತಿತ್ತು, ಅದನ್ನು ಮುಂದಿನ ಪರೀಕ್ಷೆಗೆ ಬರೆದುಕೊಟ್ಟಿದ್ದೇನೆ.

ಮೂರನೆಯವರನ್ನು ಭಾನುವಾರ ಬೆಳಿಗ್ಗೆ ಕರೆದಿದ್ದೆ. ಹಾಜರಿ ಪುಸ್ತಕ ತೋರಿಸಿದಾಗ ಬಹಳ ಹೊತ್ತು ಪುಟ ತಿರುಗಿಸಿದರು. ಮಗ ವಾರಕ್ಕೆ ಮೂರು ಸಂಜೆ ಡ್ರೆಸ್ ಹಾಕಿಕೊಂಡು ಆಗಸ್ಟ್‌ವರೆಗೂ ಮನೆಯಿಂದ ಹೊರಡುತ್ತಿದ್ದ ಎಂದು ಆಗ ಗೊತ್ತಾಯಿತು. ಡ್ರೆಸ್ಸಿನ ಮಾತನ್ನು ಅವರೇ ಬಿಟ್ಟರು. ₹5,150 ಲೆಕ್ಕ ಒಪ್ಪಿಕೊಂಡರೂ ಮೂಲ ರಸೀದಿ ತಂದಿರಲಿಲ್ಲ, ಶುಲ್ಕ ಕಟ್ಟಿದ್ದು ಅವರ ಅಣ್ಣನ ಫೋನಿನಿಂದ. ಆ ಅಣ್ಣನ ಒಪ್ಪಿಗೆಯ ಸಂದೇಶ ಬಂದ ಕೂಡಲೇ ಆ ಖಾತೆಗೇ ಕಳಿಸುತ್ತೇನೆ ಎಂದಿದ್ದೇನೆ.

ಹೊಸ ರಸೀದಿ ಪುಸ್ತಕ ಅಚ್ಚಾಗಿ ಬರಲು ಇನ್ನೂ ಹತ್ತು ದಿನವಿದೆ. ಹಳೆಯದರಲ್ಲಿ ಉಳಿದಿರುವ ನಲವತ್ತು ಹಾಳೆಗಳಲ್ಲಿ ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿ, ಪಕ್ಕದಲ್ಲಿ "ಬಿಡುವುದಾದರೆ ಒಂದು ತಿಂಗಳು ಮೊದಲು ತಿಳಿಸಿ, ಉಳಿದ ತರಗತಿಗಳ ಶುಲ್ಕವನ್ನು ಹತ್ತು ದಿನದೊಳಗೆ ಹಿಂತಿರುಗಿಸಲಾಗುವುದು" ಎಂದು ಕೈಯಲ್ಲೇ ಬರೆಯುತ್ತಿದ್ದೇನೆ. ಇಪ್ಪತ್ತಮೂರು ಮುಗಿದಿವೆ.